ಪಾಸ್‌ವರ್ಡ್ ಸರಿಯಾಗೇ ಇದೆ, ಬಾಗಿಲು ತಪ್ಪಿದೆ

ಈ ಸಲ ಬಂದ ಪ್ರಶ್ನೆಗಳಲ್ಲಿ ಬಹುಪಾಲು ಒಂದೇ ತರಹದವು. ಕ್ಲೌಡ್ ಅಕೌಂಟಿಗೆ ಲಾಗಿನ್ ಆಗುವುದು ಹೇಗೆ, ಆಗದಿದ್ದರೆ ಏನು ಮಾಡುವುದು, ಆದಮೇಲೂ ಏನೂ ಕಾಣದಿದ್ದರೆ ಯಾರನ್ನು ಕೇಳುವುದು. ಹಾಗಾಗಿ ಫೋನ್, ಪ್ರಿಂಟರ್ ಪ್ರಶ್ನೆಗಳೆಲ್ಲ ಮುಂದಿನ ಸಂಚಿಕೆಗೆ. ಹೆಚ್ಚಿನವರು ಕೇಳಿದ್ದು ಅಮೆಜಾನ್‌ನ ಎಡಬ್ಲ್ಯುಎಸ್ ಬಗ್ಗೆ, ಒಬ್ಬರು ಮಾತ್ರ ಮೈಕ್ರೋಸಾಫ್ಟ್‌ನ ಅಜೂರ್ ಬಗ್ಗೆ. ಎರಡೂ ಸರ್ವರ್, ಸ್ಟೋರೇಜ್ ಮುಂತಾದವನ್ನು ಇಂಟರ್ನೆಟ್ ಮೂಲಕ ಬಾಡಿಗೆಗೆ ಕೊಡುವ ಕ್ಲೌಡ್ ಸೇವೆಗಳು.

ಪ್ರಶ್ನೆ: ಹೊಸದಾಗಿ ಕೆಲಸಕ್ಕೆ ಸೇರಿದ್ದೇನೆ. ಅಡ್ಮಿನ್ ನನಗೆ ಎಡಬ್ಲ್ಯುಎಸ್‌ನ ಒಂದು ಯೂಸರ್‌ನೇಮ್, ಒಂದು ಪಾಸ್‌ವರ್ಡ್ ಕಳಿಸಿದ್ದಾರೆ. ಲಾಗಿನ್ ಪೇಜ್ ನೋಡಿದರೆ ಇಮೇಲ್ ಕೇಳುತ್ತಿದೆ. ಆಫೀಸ್ ಇಮೇಲ್ ಹಾಕಿದರೆ ಅಂಥ ಅಕೌಂಟೇ ಇಲ್ಲ ಅನ್ನುತ್ತದೆ. ಪಾಸ್‌ವರ್ಡ್ ಮತ್ತೆ ಮತ್ತೆ ಕೇಳಿ ಖಚಿತ ಮಾಡಿಕೊಂಡಿದ್ದೇನೆ. ತಪ್ಪು ಎಲ್ಲಿದೆ?

ಉತ್ತರ: ಪಾಸ್‌ವರ್ಡ್ ಮೇಲೆ ಅನುಮಾನ ಬೇಡ. ನೀವು ಬಡಿಯುತ್ತಿರುವುದು ಬೇರೆಯವರ ಬಾಗಿಲು, ಅಷ್ಟೇ.

ಎಡಬ್ಲ್ಯುಎಸ್‌ನಲ್ಲಿ ಇಮೇಲ್ ಕೇಳುವ ಆ ಪೇಜ್ ರೂಟ್ ಯೂಸರ್‌ಗೆ ಮಾತ್ರ. ಅಕೌಂಟ್ ತೆರೆಯುವಾಗ ಯಾವ ಇಮೇಲ್ ಕೊಟ್ಟಿದ್ದರೋ ಅದೇ ರೂಟ್. ಒಂದು ಅಕೌಂಟಿಗೆ ಒಂದೇ ರೂಟ್ ಇರುತ್ತದೆ. ನಿಮ್ಮ ಆಫೀಸಿನ ಅಕೌಂಟನ್ನು ಯಾರೋ ಯಾವಾಗಲೋ ಬೇರೆ ಇಮೇಲ್‌ನಿಂದ ತೆರೆದಿದ್ದಾರೆ, ಹಾಗಾಗಿ ನಿಮ್ಮ ಇಮೇಲ್ ಅದಕ್ಕೆ ಗೊತ್ತೇ ಇಲ್ಲ. ನಿಮಗೆ ಕೊಟ್ಟಿರುವುದು ಐಎಎಂ ಯೂಸರ್. ಅಂದರೆ ಆ ಅಕೌಂಟಿನ ಒಳಗೆ ಅಡ್ಮಿನ್ ಮಾಡಿಕೊಟ್ಟಿರುವ ಒಂದು ಹೆಸರು. ಅದಕ್ಕೆ ಮೂರು ವಿಷಯ ಬೇಕು: ಅಕೌಂಟ್ ನಂಬರ್, ಯೂಸರ್‌ನೇಮ್, ಪಾಸ್‌ವರ್ಡ್. ನಿಮಗೆ ಬಂದಿರುವುದು ಎರಡೇ.

ಅಕೌಂಟ್ ನಂಬರ್ 12 ಅಂಕಿಯದ್ದು. ಕೆಲವು ಕಡೆ ಅದನ್ನು ನಾಲ್ಕು ನಾಲ್ಕು ಅಂಕಿಗೆ ಒಂದು ಅಡ್ಡಗೆರೆ ಹಾಕಿ ತೋರಿಸುತ್ತಾರೆ, ನೀವು ಗೆರೆ ಬಿಟ್ಟು ಬರೀ ಅಂಕಿ ಹಾಕಿ. ನಂಬರ್ ಯಾರಿಗೂ ನೆನಪಿರುವುದಿಲ್ಲ ಅಂತ ಎಷ್ಟೋ ಆಫೀಸುಗಳಲ್ಲಿ ಅದಕ್ಕೊಂದು ಅಡ್ಡಹೆಸರು ಇಟ್ಟಿರುತ್ತಾರೆ, ಅದಕ್ಕೆ ಅಲಿಯಾಸ್ ಅನ್ನುತ್ತಾರೆ. ನಂಬರ್ ಬದಲು ಅಲಿಯಾಸ್ ಹಾಕಿದರೂ ನಡೆಯುತ್ತದೆ. ಅಡ್ಮಿನ್ ಹತ್ತಿರ ಒಂದೇ ಮಾತು ಕೇಳಿ: "ನಮ್ಮ ಐಎಎಂ ಲಾಗಿನ್ ಲಿಂಕ್ ಕಳಿಸಿ." ಆ ಲಿಂಕಿನ ಮೊದಲಲ್ಲೇ ಅಕೌಂಟ್ ನಂಬರೋ ಅಲಿಯಾಸೋ ಇರುತ್ತದೆ, ತೆರೆದರೆ ಆ ಜಾಗ ತಾನಾಗೇ ತುಂಬಿರುತ್ತದೆ. ಬುಕ್‌ಮಾರ್ಕ್ ಮಾಡಿಟ್ಟುಕೊಳ್ಳಿ. ಪೇಜಿನ ವಿನ್ಯಾಸ ಆಗಾಗ ಬದಲಾಗುತ್ತಿರುತ್ತದೆ, ಲಿಂಕ್ ಇದ್ದರೆ ಯಾವ ಬಟನ್ ಎಲ್ಲಿದೆ ಅಂತ ಹುಡುಕುವ ಗೋಜೇ ಇಲ್ಲ.

ಇನ್ನೊಂದು ವಿಷಯ. ಸರಿಯಾದ ಪೇಜಿಗೆ ಹೋದಮೇಲೆ ನಂಬರ್ ತಪ್ಪಿದರೂ, ಹೆಸರು ತಪ್ಪಿದರೂ, ಪಾಸ್‌ವರ್ಡ್ ತಪ್ಪಿದರೂ ಬರುವುದು ಒಂದೇ ಸಂದೇಶ, ಮಾಹಿತಿ ಸರಿಯಿಲ್ಲ ಅಂತ. ಯಾವುದು ತಪ್ಪು ಅಂತ ಹೇಳುವುದಿಲ್ಲ. ಕಳ್ಳನಿಗೆ ಸುಳಿವು ಸಿಗಬಾರದು ಅನ್ನೋದು ಅದರ ಉದ್ದೇಶ. ಆದರೆ ಇದರಿಂದ ಪಾಪ ನಾವು ನೀವು ಪಾಸ್‌ವರ್ಡನ್ನೇ ಹತ್ತು ಸಲ ಬರೆಯುತ್ತಾ ಕೂರುತ್ತೇವೆ. ಮೊದಲು ಅಕೌಂಟ್ ನಂಬರ್ ನೋಡಿ.

ಪ್ರಶ್ನೆ: ನಮ್ಮದು ಸಣ್ಣ ಕಂಪನಿ, ಆರು ಜನ ಇದ್ದೇವೆ. ಶುರುವಿನಿಂದಲೂ ಎಲ್ಲರೂ ಒಂದೇ ಇಮೇಲ್, ಒಂದೇ ಪಾಸ್‌ವರ್ಡ್ ಬಳಸಿ ಎಡಬ್ಲ್ಯುಎಸ್‌ಗೆ ಹೋಗುತ್ತೇವೆ. ಈಗ ಹೊಸ ಹುಡುಗ ಬಂದು ಇದು ದೊಡ್ಡ ಅಪಾಯ ಅನ್ನುತ್ತಿದ್ದಾನೆ. ಇಷ್ಟು ವರ್ಷ ಏನೂ ಆಗಿಲ್ಲವಲ್ಲ?

ಉತ್ತರ: ಹುಡುಗನ ಮಾತು ಕೇಳಿ.

ನಿಮ್ಮ ಅಭ್ಯಾಸಕ್ಕೆ ಒಂದು ಇತಿಹಾಸವಿದೆ. 2006ರಲ್ಲಿ ಎಡಬ್ಲ್ಯುಎಸ್ ತನ್ನ ಎಸ್3 ಸ್ಟೋರೇಜ್ ಶುರು ಮಾಡಿದಾಗ ಅಕೌಂಟಿನ ಒಳಗೆ ಬೇರೆ ಬೇರೆ ಯೂಸರ್ ಅನ್ನೋದೇ ಇರಲಿಲ್ಲ. ಎಲ್ಲರೂ ಒಂದೇ ಕೀಲಿ ಹಂಚಿಕೊಳ್ಳುತ್ತಿದ್ದರು. ಐಎಎಂ ಪೂರ್ತಿಯಾಗಿ ಬಳಕೆಗೆ ಬಂದದ್ದು 2011ರಲ್ಲಿ. ಅಂದರೆ ನಿಮ್ಮ ಕಂಪನಿ ಇವತ್ತಿಗೂ 2011ಕ್ಕಿಂತ ಹಿಂದೆಯೇ ಇದೆ.

ರೂಟ್‌ನ ತೊಂದರೆ ಏನೆಂದರೆ, ಆ ಅಕೌಂಟಿನ ಒಳಗೆ ಅದನ್ನು ಕಟ್ಟಿಹಾಕಲು ಆಗುವುದಿಲ್ಲ. ಐಎಎಂ ಯೂಸರ್‌ಗೆ "ನೀನು ಬರೀ ನೋಡು, ಅಳಿಸಬೇಡ" ಅಂತ ಹೇಳಬಹುದು. ರೂಟ್‌ಗೆ ಹಾಗೆ ಹೇಳಲು ಬರುವುದಿಲ್ಲ. ಸರ್ವರ್ ಅಳಿಸಬಹುದು, ಬ್ಯಾಕಪ್ ಅಳಿಸಬಹುದು, ಕೊನೆಗೆ ಅಕೌಂಟನ್ನೇ ಮುಚ್ಚಬಹುದು. ಲಾಗ್ ನೋಡಿದರೆ ಎಲ್ಲಾ ಕಡೆ ರೂಟ್ ಅಂತಲೇ ಇರುತ್ತದೆ, ಆರು ಜನರಲ್ಲಿ ಮಾಡಿದ್ದು ಯಾರು ಅಂತ ಹೇಗೆ ಹೇಳುತ್ತೀರಿ? ಒಬ್ಬರು ಕೆಲಸ ಬಿಟ್ಟರೆ ಉಳಿದ ಐವರೂ ಹೊಸ ಪಾಸ್‌ವರ್ಡ್ ಕಲಿಯಬೇಕು. ಬದಲಾಯಿಸಿದ್ದೀರಾ ಅಂತ ನಾನು ಕೇಳುವುದಿಲ್ಲ, ಉತ್ತರ ಗೊತ್ತು.

ಏನೂ ಆಗಿಲ್ಲ ಅಂದಿರಿ. 2014ರ ಜೂನ್‌ನಲ್ಲಿ ಕೋಡ್ ಸ್ಪೇಸಸ್ ಅನ್ನುವ ಕಂಪನಿಯ ಎಡಬ್ಲ್ಯುಎಸ್ ಕಂಟ್ರೋಲ್ ಪ್ಯಾನೆಲ್‌ಗೆ ಯಾರೋ ನುಗ್ಗಿ ದುಡ್ಡು ಕೇಳಿದರು. ಕಂಪನಿಯವರು ಪಾಸ್‌ವರ್ಡ್ ಬದಲಿಸಿ ಹೊರಗೆ ಹಾಕಲು ನೋಡಿದರು. ಆದರೆ ಒಳಬಂದವನು ಅಷ್ಟರಲ್ಲೇ ತನಗಾಗಿ ಬೇರೆ ಲಾಗಿನ್‌ಗಳನ್ನು ಮಾಡಿಟ್ಟುಕೊಂಡಿದ್ದ. ಇವರು ಬದಲಿಸುತ್ತಿರುವುದು ಕಂಡದ್ದೇ ಒಂದೊಂದಾಗಿ ಅಳಿಸಲು ಶುರು ಮಾಡಿದ. ಬ್ಯಾಕಪ್‌ಗಳೂ ಬಹುಪಾಲು ಹೋದವು, ಯಾಕೆಂದರೆ ಅವೂ ಅದೇ ಪ್ಯಾನೆಲ್‌ನ ಕೈಯಲ್ಲೇ ಇದ್ದವು. ಕಂಪನಿ ಬಾಗಿಲು ಹಾಕಿತು.

ಹಾಗಾದರೆ ಮಾಡಬೇಕಾದ್ದೇನು? ರೂಟ್‌ನಿಂದ ಒಮ್ಮೆ ಒಳಗೆ ಹೋಗಿ, ಎಂಎಫ್‌ಎ ಹಾಕಿ. ಅಂದರೆ ಪಾಸ್‌ವರ್ಡ್ ಜೊತೆಗೆ ಫೋನಿನ ಆ್ಯಪ್‌ನಲ್ಲಿ ಬರುವ ಕೋಡ್ ಅಥವಾ ಪಾಸ್‌ಕೀ. ಈಗಂತೂ ಇದು ನಿಮ್ಮ ಇಷ್ಟಕ್ಕೆ ಬಿಟ್ಟಿದ್ದಲ್ಲ, 2024ರಿಂದ ಎಡಬ್ಲ್ಯುಎಸ್ ರೂಟ್‌ಗೆ ಎಂಎಫ್‌ಎ ಕಡ್ಡಾಯ ಮಾಡುತ್ತಾ ಬಂದಿದೆ, ಹಾಕದವರಿಗೆ ಮೊದಲ ಸಲ ಲಾಗಿನ್ ಪ್ರಯತ್ನಿಸಿದ ದಿನದಿಂದ 35 ದಿನ ಅವಕಾಶ ಕೊಡುತ್ತದೆ. ಒಂದೇ ಫೋನಿಗೆ ನೇತುಹಾಕಬೇಡಿ, ರೂಟ್‌ಗೆ 8 ಎಂಎಫ್‌ಎ ಸಾಧನಗಳ ತನಕ ಸೇರಿಸಬಹುದು. ಎರಡಾದರೂ ಇರಲಿ. ರೂಟ್‌ಗೆ ಆ್ಯಕ್ಸೆಸ್ ಕೀ, ಅಂದರೆ ಪಾಸ್‌ವರ್ಡ್ ಬದಲು ಪ್ರೋಗ್ರಾಮ್‌ಗಳು ಬಳಸುವ ಕೀಲಿ, ಇದ್ದರೆ ಅಳಿಸಿ. ಅಳಿಸುವ ಮುಂಚೆ ಯಾವ ಪ್ರೋಗ್ರಾಮ್ ಅದನ್ನು ಬಳಸುತ್ತಿದೆ ನೋಡಿಕೊಳ್ಳಿ, ಇಲ್ಲದಿದ್ದರೆ ಮಧ್ಯರಾತ್ರಿ ನಿಮಗೇ ಫೋನ್ ಬರುತ್ತದೆ. ಆಮೇಲೆ ಆರು ಜನಕ್ಕೂ ಅವರವರ ಯೂಸರ್ ಮಾಡಿ, ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅನುಮತಿ ಕೊಡಿ.

ಹೊರಗೆ ಬರುವ ಮುಂಚೆ ಒಂದು ಸಣ್ಣ ಕೆಲಸ ಇದೆ, ಎಲ್ಲರೂ ಮರೆಯುವಂಥದ್ದು. ಅಡ್ಮಿನ್ ಯೂಸರ್‌ಗೆ ಎಲ್ಲಾ ಅನುಮತಿ ಕೊಟ್ಟರೂ ಬಿಲ್ ಪೇಜ್ ಕಾಣುವುದಿಲ್ಲ. ರೂಟ್‌ನಲ್ಲಿ ಇರುವಾಗಲೇ ಅಕೌಂಟ್ ಪೇಜಿಗೆ ಹೋಗಿ, ಐಎಎಂ ಯೂಸರ್‌ಗಳು ಬಿಲ್ಲಿಂಗ್ ನೋಡಬಹುದು ಅನ್ನುವ ಆಯ್ಕೆಯನ್ನು ಆನ್ ಮಾಡಬೇಕು. ಇಲ್ಲದಿದ್ದರೆ ಬಿಲ್ ನೋಡಬೇಕು ಅನ್ನುವ ಒಂದೇ ನೆಪಕ್ಕೆ ಮತ್ತೆ ಎಲ್ಲರೂ ರೂಟ್ ಪಾಸ್‌ವರ್ಡ್ ಕೇಳುತ್ತಾರೆ, ಕಥೆ ಮೊದಲಿಂದ ಶುರು.

ಪ್ರಶ್ನೆ: ನಮ್ಮ ರೂಟ್ ಇಮೇಲ್ ಹಿಂದಿನ ಎಂಜಿನಿಯರ್ ಒಬ್ಬರದ್ದು. ಅವರು ಕಂಪನಿ ಬಿಟ್ಟಾಗ ಅವರ ಮೇಲ್‌ಬಾಕ್ಸ್ ಡಿಲೀಟ್ ಮಾಡಿದೆವು. ಎಂಎಫ್‌ಎ ಕೂಡ ಅವರ ಫೋನಿನಲ್ಲೇ ಇತ್ತು. ಈಗ ರೂಟ್ ಬೇಕಾಗಿದೆ. ದಾರಿ ಇದೆಯಾ?

ಉತ್ತರ: ಇದೆ, ಸ್ವಲ್ಪ ಸುತ್ತು. ಅದು ಕಂಪನಿಯ ಡೊಮೇನ್‌ನ ಇಮೇಲ್ ಆಗಿದ್ದರೆ ನಿಮ್ಮ ಅದೃಷ್ಟ ಚೆನ್ನಾಗಿದೆ. ಡೊಮೇನ್ ನಿಮ್ಮದೇ ಅಲ್ವಾ, ಅದೇ ವಿಳಾಸದ ಮೇಲ್‌ಬಾಕ್ಸ್ ಮತ್ತೆ ಮಾಡಿ. ಆಮೇಲೆ ರೂಟ್ ಲಾಗಿನ್‌ಗೆ ಹೋಗಿ ಪಾಸ್‌ವರ್ಡ್ ಮರೆತಿದ್ದೇನೆ ಅಂತ ಒತ್ತಿ. ಲಿಂಕ್ ಆ ಮೇಲ್‌ಬಾಕ್ಸಿಗೆ ಬರುತ್ತದೆ.

ಪಾಸ್‌ವರ್ಡ್ ಆಯಿತು, ಇನ್ನು ಎಂಎಫ್‌ಎ. ಕೋಡ್ ಕೇಳುವ ಪೇಜಿನಲ್ಲೇ ತೊಂದರೆ ಇದ್ದವರಿಗೆ ಅಂತ ಒಂದು ಕೊಂಡಿ ಇರುತ್ತದೆ. ಅದನ್ನು ಒತ್ತಿದರೆ ಬೇರೆ ರೀತಿ ಗುರುತು ತೋರಿಸುವ ಅವಕಾಶ ಸಿಗುತ್ತದೆ: ಮೊದಲು ಇಮೇಲ್‌ಗೆ ಒಂದು ಮೇಲ್, ಆಮೇಲೆ ಅಕೌಂಟಿನಲ್ಲಿ ದಾಖಲಾಗಿರುವ ಫೋನ್ ನಂಬರಿಗೆ ಕರೆ. ಸಿಕ್ಕಿಬೀಳುವುದು ಇಲ್ಲೇ. ಆ ನಂಬರ್ ಕೂಡ ಹಳೇ ಎಂಜಿನಿಯರ್‌ದೇ ಆಗಿರುತ್ತದೆ. ಹಾಗಾಗಿ ಇದನ್ನೆಲ್ಲ ಶುರು ಮಾಡುವ ಮುಂಚೆಯೇ, ಅಕೌಂಟ್ ವಿವರ ತಿದ್ದುವ ಅನುಮತಿ ಇರುವ ಯಾರಾದರೂ ಅಡ್ಮಿನ್ ನಿಮ್ಮಲ್ಲಿದ್ದರೆ, ಅವರ ಲಾಗಿನ್‌ನಿಂದ ಫೋನ್ ನಂಬರನ್ನು ಸರಿ ಮಾಡಿಸಿ. ಯಾರೂ ಇಲ್ಲದಿದ್ದರೆ ಎಡಬ್ಲ್ಯುಎಸ್ ಸಪೋರ್ಟ್‌ಗೆ ಬರೆಯಬೇಕು. ಲಾಗಿನ್ ಆಗದವರಿಗೂ ಅವರಲ್ಲಿ ಒಂದು ಫಾರ್ಮ್ ಇದೆ. ಅಲ್ಲಿ ಕೆಲಸ ಬೇಗ ಆಗುತ್ತದೆ ಅಂದುಕೊಳ್ಳಬೇಡಿ, ಅಕೌಂಟ್ ನಿಮ್ಮದೇ ಅಂತ ತೋರಿಸಿಕೊಡಬೇಕು.

ರೂಟ್ ಇಮೇಲ್ ಯಾರದ್ದೋ ಸ್ವಂತ ಜಿಮೇಲ್ ಆಗಿದ್ದರೆ ಅವರಿಗೇ ಫೋನ್ ಮಾಡಿ, ಮರ್ಯಾದೆಯಿಂದ ಕೇಳಿ. ಬಿಟ್ಟುಹೋದವರ ಜೊತೆ ಜಗಳ ಆಡಿಕೊಂಡಿದ್ದರೆ ಈಗ ರಾಜಿ ಆಗುವ ಹೊತ್ತು.

ಇನ್ನೂ ಒಂದು ದಾರಿ ಇದೆ. ನಿಮ್ಮ ಅಕೌಂಟ್ ಎಡಬ್ಲ್ಯುಎಸ್ ಆರ್ಗನೈಸೇಷನ್ಸ್ (ಹಲವು ಅಕೌಂಟುಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ವ್ಯವಸ್ಥೆ) ಅಡಿಯಲ್ಲಿ ದೊಡ್ಡ ಅಕೌಂಟ್ ಒಂದಕ್ಕೆ ಸೇರಿದ್ದರೆ, ಆ ಮುಖ್ಯ ಅಕೌಂಟಿನಿಂದಲೇ ನಿಮ್ಮ ರೂಟ್ ಇಮೇಲ್ ಬದಲಿಸಬಹುದು. ಈ ಸೌಲಭ್ಯ 2024ರಲ್ಲಿ ಬಂತು. ಒಳಗೆ ಹೋದ ತಕ್ಷಣ ರೂಟ್‌ಗೆ ಒಬ್ಬ ಮನುಷ್ಯನ ಇಮೇಲ್ ಬದಲು ಎರಡು ಮೂರು ಜನ ಓದಬಹುದಾದ ಗುಂಪಿನ ಇಮೇಲ್ ಹಾಕಿ.

ಪ್ರಶ್ನೆ: ಪಾಸ್‌ವರ್ಡ್ ಮರೆತಿದ್ದೇನೆ. ನನ್ನ ಲಾಗಿನ್ ಪೇಜಿನಲ್ಲಿ ರೀಸೆಟ್ ಮಾಡುವ ಲಿಂಕ್ ಕೆಲಸಕ್ಕೇ ಬರುತ್ತಿಲ್ಲ.

ಉತ್ತರ: ನೀವು ಐಎಎಂ ಯೂಸರ್ ಇರಬೇಕು. ಐಎಎಂ ಯೂಸರ್‌ಗೆ ಇಮೇಲ್ ಮೂಲಕ ರೀಸೆಟ್ ಅನ್ನೋದೇ ಇಲ್ಲ, ಯಾಕೆಂದರೆ ಆ ಯೂಸರ್‌ಗೆ ಇಮೇಲ್ ಜೋಡಿಸಿರುವುದೇ ಇಲ್ಲ. ಅಡ್ಮಿನ್ ಹೊಸದು ಕೊಡಬೇಕು. ರೂಟ್ ಆದರೆ ತನ್ನ ಇಮೇಲ್‌ನಿಂದ ತಾನೇ ಮಾಡಿಕೊಳ್ಳಬಹುದು. ಐಡೆಂಟಿಟಿ ಸೆಂಟರ್ (ಒಂದೇ ಲಾಗಿನ್‌ನಿಂದ ಹಲವು ಅಕೌಂಟುಗಳಿಗೆ ಹೋಗುವ ವ್ಯವಸ್ಥೆ, ಕೆಳಗೆ ಹೇಳಿದ್ದೇನೆ) ಯೂಸರ್ ಆಗಿದ್ದು, ಪಾಸ್‌ವರ್ಡ್ ಅಲ್ಲೇ ಇಟ್ಟಿದ್ದರೆ ಅವರೂ ಇಮೇಲ್‌ನಿಂದ ಮಾಡಿಕೊಳ್ಳಬಹುದು. ಕಂಪನಿಯ ಗೂಗಲ್ ಅಥವಾ ಮೈಕ್ರೋಸಾಫ್ಟ್ ಲಾಗಿನ್‌ನಿಂದ ಒಳಗೆ ಹೋಗುವವರಾದರೆ ಎಡಬ್ಲ್ಯುಎಸ್‌ಗೂ ನಿಮ್ಮ ಪಾಸ್‌ವರ್ಡಿಗೂ ಸಂಬಂಧವೇ ಇಲ್ಲ, ಕಂಪನಿಯ ಐಟಿ ವಿಭಾಗಕ್ಕೆ ಹೋಗಿ. ಯಾರನ್ನು ಕೇಳಬೇಕು ಅನ್ನೋದು ನೀವು ಯಾವ ತರಹದ ಯೂಸರ್ ಅನ್ನೋದರ ಮೇಲೆ ನಿಂತಿದೆ.

ಪ್ರಶ್ನೆ: ಕಲಿಯಲು ಅಂತ ಬಿಲ್ಡರ್ ಐಡಿ ಮಾಡಿಕೊಂಡಿದ್ದೇನೆ. ಅದರಿಂದ ಸರ್ವರ್ ಶುರು ಮಾಡುವ ಪೇಜಿಗೆ ಹೋಗಲು ಆಗುತ್ತಿಲ್ಲ.

ಉತ್ತರ: ಆಗುವುದೂ ಇಲ್ಲ. ಬಿಲ್ಡರ್ ಐಡಿ ನಿಮ್ಮ ಗುರುತು ಮಾತ್ರ, ಎಡಬ್ಲ್ಯುಎಸ್ ಅಕೌಂಟ್ ಅಲ್ಲ. ಸ್ಕಿಲ್ ಬಿಲ್ಡರ್‌ನಲ್ಲಿ ಪಾಠ ಕಲಿಯಲು, ರೀಪೋಸ್ಟ್‌ನಲ್ಲಿ ಪ್ರಶ್ನೆ ಕೇಳಲು, ಇನ್ನು ಕೆಲವು ಡೆವಲಪರ್ ಸಾಧನಗಳಿಗೆ ಅದು ಸಾಕು. ಸರ್ವರ್, ಸ್ಟೋರೇಜ್ ಬೇಕಾದರೆ ಬೇರೆ ಅಕೌಂಟ್ ತೆರೆಯಬೇಕು. ತೆರೆದ ದಿನವೇ ಎಂಎಫ್‌ಎ ಹಾಕಿ, ಖರ್ಚಿಗೆ ಒಂದು ಬಜೆಟ್ ಅಲರ್ಟ್ ಇಡಿ.

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಐಎಎಂ ಯೂಸರ್‌ಗಳನ್ನೆಲ್ಲ ತೆಗೆದು ಐಡೆಂಟಿಟಿ ಸೆಂಟರ್ ಅಂತ ಏನೋ ತಂದಿದ್ದಾರೆ. ಮೊದಲು ಒಂದು ಸಲ ಕೀ ಹಾಕಿದರೆ ವರ್ಷಗಟ್ಟಲೆ ನಡೆಯುತ್ತಿತ್ತು. ಈಗ ದಿನಾ ಲಾಗಿನ್, ದಿನಾ ಹೊಸ ಕೀ. ಇದರಿಂದ ಉಪಯೋಗ ಯಾರಿಗೆ? ಅದೂ ಅಲ್ಲದೆ ಕೀ ಕಾಪಿ ಮಾಡಿ ಹಾಕಿದರೂ ಟೋಕನ್ ಸರಿಯಿಲ್ಲ ಅನ್ನುತ್ತದೆ.

ಉತ್ತರ: ವರ್ಷಗಟ್ಟಲೆ ನಡೆಯುತ್ತಿತ್ತು ಅಂತ ನೀವೇ ಬರೆದಿದ್ದೀರಿ. ತೊಂದರೆ ಇರುವುದೇ ಅದರಲ್ಲಿ. ಆ ಕೀ ಯಾವುದೋ ಹಳೇ ಲ್ಯಾಪ್‌ಟಾಪಿನಲ್ಲಿ, ಯಾವುದೋ ಕೋಡ್ ಫೈಲಿನಲ್ಲಿ ಉಳಿದಿರುತ್ತದೆ. ಕೋಡನ್ನು ತಪ್ಪಿ ಗಿಟ್‌ಹಬ್ ಅನ್ನುವ ಕೋಡ್ ಹಂಚಿಕೊಳ್ಳುವ ತಾಣದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದರೆ ಮುಗಿಯಿತು, ಅಂಥ ಕೀಗಳನ್ನು ಹುಡುಕುವುದಕ್ಕೆಂದೇ ಪ್ರೋಗ್ರಾಮ್‌ಗಳು ಓಡುತ್ತಿರುತ್ತವೆ.

ಐಡೆಂಟಿಟಿ ಸೆಂಟರ್ ಹೊಸದೇನಲ್ಲ. 2017ರ ಕೊನೆಗೆ ಎಡಬ್ಲ್ಯುಎಸ್ ಸಿಂಗಲ್ ಸೈನ್‌ಆನ್ ಅನ್ನುವ ಹೆಸರಿನಲ್ಲಿ ಬಂತು, 2022ರಲ್ಲಿ ಹೆಸರು ಬದಲಾಯಿತು. ಹಳಬರು ಈಗಲೂ ಎಸ್‌ಎಸ್‌ಒ ಅಂತಲೇ ಅನ್ನುತ್ತಾರೆ. ಇದರ ಲಾಗಿನ್ ಪೇಜೇ ಬೇರೆ. ಮಾಮೂಲಿ ಎಡಬ್ಲ್ಯುಎಸ್ ಪೇಜಿಗೆ ಹೋಗಿ ಈ ಹೆಸರು, ಪಾಸ್‌ವರ್ಡ್ ಹಾಕಿದರೆ ಕೆಲಸ ಆಗುವುದಿಲ್ಲ. ನಿಮ್ಮ ಆಫೀಸಿನದೇ ಒಂದು ಪೋರ್ಟಲ್ ವಿಳಾಸ ಇರುತ್ತದೆ, ಸಾಮಾನ್ಯವಾಗಿ ಅದರಲ್ಲಿ ಎಡಬ್ಲ್ಯುಎಸ್‌ಆ್ಯಪ್ಸ್ ಅನ್ನುವ ಮಾತು ಇರುತ್ತದೆ. ಅಲ್ಲಿ ಒಮ್ಮೆ ಲಾಗಿನ್ ಆದರೆ ನಿಮಗೆ ಅನುಮತಿ ಇರುವ ಎಲ್ಲಾ ಅಕೌಂಟುಗಳೂ ಪಟ್ಟಿಯಾಗಿ ಕಾಣುತ್ತವೆ, ಪ್ರತಿ ಅಕೌಂಟಿನ ಕೆಳಗೆ ನೀವು ಯಾವ ಪಾತ್ರದಲ್ಲಿ ಒಳಗೆ ಹೋಗಬಹುದು ಅಂತ ಇರುತ್ತದೆ: ಬರೀ ನೋಡುವವರಾಗಿ ಒಂದು, ಅಡ್ಮಿನ್ ಆಗಿ ಇನ್ನೊಂದು, ಹೀಗೆ. ಹತ್ತು ಅಕೌಂಟಿಗೆ ಹತ್ತು ಪಾಸ್‌ವರ್ಡ್ ಇಟ್ಟುಕೊಳ್ಳುವ ಕಾಟ ತಪ್ಪಿತು. ಉಪಯೋಗ ಯಾರಿಗೆ ಅಂದಿರಲ್ಲ, ನಿಮಗೇ.

ಇನ್ನು ಟೋಕನ್. ಮೊದಲಿನ ಖಾಯಂ ಕೀಯಲ್ಲಿ ಎರಡು ಭಾಗ ಇರುತ್ತಿತ್ತು: ಕೀ ಐಡಿ ಮತ್ತು ಗುಟ್ಟಿನ ಕೀ. ಈಗಿನ ತಾತ್ಕಾಲಿಕ ಕೀಯಲ್ಲಿ ಮೂರು ಭಾಗ, ಮೂರನೆಯದೇ ಸೆಷನ್ ಟೋಕನ್, ಉದ್ದನೆಯ ಸಾಲು. ಹಳೇ ಅಭ್ಯಾಸದಲ್ಲಿ ಎರಡನ್ನೇ ಕಾಪಿ ಮಾಡಿ ಮೂರನೆಯದನ್ನು ಬಿಟ್ಟಿದ್ದೀರಿ ಅನ್ನಿಸುತ್ತದೆ. ಕೀ ಐಡಿಯ ಮೊದಲ ನಾಲ್ಕು ಅಕ್ಷರ ನೋಡಿ. ಎ-ಕೆ-ಐ-ಎ ಅಂತ ಶುರುವಾದರೆ ಖಾಯಂ ಕೀ, ಎ-ಎಸ್-ಐ-ಎ ಅಂತ ಇದ್ದರೆ ತಾತ್ಕಾಲಿಕ, ಅದಕ್ಕೆ ಟೋಕನ್ ಬೇಕೇ ಬೇಕು.

ನಿಜ ಹೇಳಬೇಕೆಂದರೆ ಕಾಪಿ ಮಾಡುವ ಅಗತ್ಯವೇ ಇಲ್ಲ. ಕಮಾಂಡ್ ಲೈನ್‌ನಲ್ಲಿ ಒಂದು ಸಲ "ಎಡಬ್ಲ್ಯುಎಸ್ ಕಾನ್ಫಿಗರ್ ಎಸ್‌ಎಸ್‌ಒ" ಅನ್ನುವ ಕಮಾಂಡ್ ಓಡಿಸಿ ಪ್ರೊಫೈಲ್ ಮಾಡಿಕೊಳ್ಳಿ. ಆಮೇಲೆ ಬೆಳಿಗ್ಗೆ ಒಮ್ಮೆ "ಎಡಬ್ಲ್ಯುಎಸ್ ಎಸ್‌ಎಸ್‌ಒ ಲಾಗಿನ್" ಅಂದರೆ ಬ್ರೌಸರ್ ತೆರೆದುಕೊಳ್ಳುತ್ತದೆ, ಒಪ್ಪಿಗೆ ಕೊಟ್ಟರೆ ಆಯಿತು. ಪೋರ್ಟಲ್‌ನ ಅವಧಿ ಬದಲಿಸದಿದ್ದರೆ 8 ಗಂಟೆ. ಒಳಗಿನ ಪಾತ್ರದ ಅವಧಿ ಬದಲಿಸದಿದ್ದರೆ 1 ಗಂಟೆ, 12 ಗಂಟೆ ತನಕ ಹೆಚ್ಚಿಸಬಹುದು. ಗಂಟೆಗೊಮ್ಮೆ ಹೊರಗೆ ದಬ್ಬುತ್ತಿದ್ದರೆ ಅಡ್ಮಿನ್‌ಗೆ ಹೇಳಿ ಅದನ್ನು ಸ್ವಲ್ಪ ಜಾಸ್ತಿ ಮಾಡಿಸಿಕೊಳ್ಳಿ. ಸುಮ್ನೆ ಹಲ್ಲು ಕಚ್ಚಿಕೊಂಡು ಕೂರಬೇಡಿ.

ಪ್ರಶ್ನೆ: ಆ್ಯಕ್ಸೆಸ್ ಕೀಯನ್ನೇ ಪಾಸ್‌ವರ್ಡ್ ಜಾಗದಲ್ಲಿ ಹಾಕಬಹುದಾ?

ಉತ್ತರ: ಇಲ್ಲ. ಕೀ ಇರುವುದು ಪ್ರೋಗ್ರಾಮಿಗೆ, ಪಾಸ್‌ವರ್ಡ್ ಇರುವುದು ಬ್ರೌಸರಿನಲ್ಲಿ ಲಾಗಿನ್ ಆಗುವ ಮನುಷ್ಯರಿಗೆ. ಗುಟ್ಟಿನ ಕೀ ಒಂದೇ ಸಲ, ಮಾಡಿದ ಕ್ಷಣದಲ್ಲಿ ಮಾತ್ರ ತೋರಿಸುತ್ತದೆ. ಆಮೇಲೆ ಕಳೆದುಕೊಂಡರೆ ಹುಡುಕಬೇಡಿ, ಹೊಸದು ಮಾಡಿ. ಒಬ್ಬ ಯೂಸರ್‌ಗೆ ಎರಡು ಕೀ ಇಡಲು ಬಿಡುವುದೇ ಅದಕ್ಕೆ: ಹೊಸದನ್ನು ಎಲ್ಲಾ ಕಡೆ ಹಾಕಿ, ನಡೆಯುತ್ತಿದೆ ಅಂತ ನೋಡಿ, ಆಮೇಲೆ ಹಳೆಯದನ್ನು ತೆಗೆಯಿರಿ.

ಪ್ರಶ್ನೆ: ಅಜೂರ್‌ಗೆ ಹೋದರೆ ಒಂದೇ ಇಮೇಲ್‌ಗೆ ಎರಡು ಆಯ್ಕೆ ತೋರಿಸುತ್ತದೆ, ಕೆಲಸದ ಅಕೌಂಟ್ ಮತ್ತು ಸ್ವಂತ ಅಕೌಂಟ್. ಯಾವುದನ್ನು ಒತ್ತಬೇಕು? ಒಂದರಲ್ಲಿ ಹೋದರೆ ಖಾಲಿ ಕಾಣುತ್ತದೆ.

ಉತ್ತರ: ಹಿಂದೆ ಯಾವಾಗಲೋ ನಿಮ್ಮ ಆಫೀಸ್ ಇಮೇಲ್ ಬಳಸಿ ಸ್ವಂತಕ್ಕೆ ಒಂದು ಮೈಕ್ರೋಸಾಫ್ಟ್ ಅಕೌಂಟ್ ಮಾಡಿಕೊಂಡಿದ್ದೀರಿ. ಆಫೀಸಿನವರು ಅದೇ ಇಮೇಲ್‌ಗೆ ತಮ್ಮ ಕಡೆಯಿಂದ ಒಂದು ಮಾಡಿದ್ದಾರೆ. ಹೆಸರು ಒಂದೇ, ಅಕೌಂಟ್ ಎರಡು, ಪಾಸ್‌ವರ್ಡೂ ಎರಡು. ಇಂಥ ಗೊಂದಲ ಜಾಸ್ತಿ ಆದದ್ದರಿಂದಲೇ 2016ರಲ್ಲಿ ಮೈಕ್ರೋಸಾಫ್ಟ್ ಕಂಪನಿಗಳ ಇಮೇಲ್‌ನಿಂದ ಹೊಸದಾಗಿ ಸ್ವಂತ ಅಕೌಂಟ್ ಮಾಡುವುದನ್ನು ತಡೆಯಿತು. ಮೊದಲೇ ಮಾಡಿಕೊಂಡವರದ್ದು ಹಾಗೇ ಉಳಿದಿದೆ. ಆಫೀಸಿನ ಕೆಲಸಕ್ಕೆ ಕೆಲಸದ ಅಕೌಂಟನ್ನೇ ಒತ್ತಿ. ಸ್ವಂತದ್ದಕ್ಕೆ ಬೇರೆ ಇಮೇಲ್ ಜೋಡಿಸಿ, ಆಫೀಸ್ ಇಮೇಲನ್ನು ಅಲ್ಲಿಂದ ತೆಗೆದುಬಿಟ್ಟರೆ ಈ ಪ್ರಶ್ನೆಯೇ ಬರುವುದಿಲ್ಲ.

ಸರಿಯಾದದ್ದನ್ನು ಒತ್ತಿದರೂ ಖಾಲಿ ಕಂಡರೆ ನೀವು ಬೇರೆ ಡೈರೆಕ್ಟರಿಯಲ್ಲಿ, ಅಂದರೆ ಬೇರೊಂದು ಕಂಪನಿಯ ಯೂಸರ್ ಪಟ್ಟಿಯಲ್ಲಿ, ಇದ್ದೀರಿ ಅಂತ ಅರ್ಥ. ಇನ್ನೊಂದು ಕಂಪನಿಯವರು ನಿಮ್ಮನ್ನು ಅತಿಥಿಯಾಗಿ ಸೇರಿಸಿದ್ದರೆ ಹೀಗಾಗುತ್ತದೆ. ಮೇಲೆ ಬಲಗಡೆ ನಿಮ್ಮ ಹೆಸರು ಒತ್ತಿ, ಡೈರೆಕ್ಟರಿ ಬದಲಿಸಿ. ಅಂದಹಾಗೆ ಸಹಾಯದ ಪುಟಗಳಲ್ಲಿ ಎಂಟ್ರಾ ಐಡಿ ಅಂತ ಕಂಡರೆ ಗಾಬರಿ ಬೇಡ, 2023ರ ತನಕ ಅದನ್ನೇ ಅಜೂರ್ ಆ್ಯಕ್ಟಿವ್ ಡೈರೆಕ್ಟರಿ ಅನ್ನುತ್ತಿದ್ದರು.

ಪ್ರಶ್ನೆ: ಎಡಬ್ಲ್ಯುಎಸ್‌ಗೆ ಲಾಗಿನ್ ಆಗುತ್ತದೆ. ಆದರೆ ನಿನ್ನೆ ಮಾಡಿದ ಸರ್ವರ್ ಇವತ್ತು ಇಲ್ಲ! ಯಾರಾದರೂ ಅಳಿಸಿದರಾ?

ಉತ್ತರ: ಪೊಲೀಸರನ್ನು ಕರೆಯುವ ಮುಂಚೆ ಮೇಲೆ ಬಲಗಡೆ ಎರಡು ಹೆಸರು ನೋಡಿ. ಒಂದು ರೀಜನ್, ಅಂದರೆ ಸರ್ವರ್ ಇರುವ ಊರು ಅಥವಾ ಪ್ರದೇಶ. ಸರ್ವರ್ ಯಾವ ರೀಜನ್‌ನಲ್ಲಿ ಮಾಡಿದ್ದೀರೋ ಅಲ್ಲೇ ಕಾಣುವುದು, ಬೇರೆ ರೀಜನ್ ಆಯ್ಕೆಯಾಗಿದ್ದರೆ ಪಟ್ಟಿ ಖಾಲಿ. ಇನ್ನೊಂದು ನಿಮ್ಮದೇ ಹೆಸರು, ಅಕೌಂಟ್ ನಂಬರ್. ಪೋರ್ಟಲ್‌ನಿಂದ ಹೋಗುವವರು ಟೆಸ್ಟಿಂಗ್ ಅಕೌಂಟ್ ಬದಲು ಪ್ರೊಡಕ್ಷನ್ ಒತ್ತಿರುತ್ತಾರೆ, ಅಥವಾ ಅದೇ ಅಕೌಂಟಿನಲ್ಲಿ ಕಡಿಮೆ ಅನುಮತಿಯ ಪಾತ್ರದಲ್ಲಿ ಹೋಗಿರುತ್ತಾರೆ. ಅನುಮತಿಯ ತೊಂದರೆ ಆದರೆ ಬರೀ ಖಾಲಿ ಪಟ್ಟಿ ಬರುವುದಿಲ್ಲ, ನಿಮಗೆ ಅಧಿಕಾರ ಇಲ್ಲ ಅಂತ ಕೆಂಪಕ್ಷರದಲ್ಲಿ ಬರುತ್ತದೆ. ಸುಮ್ಮನೆ ಖಾಲಿ ಇದ್ದರೆ ಹೆಚ್ಚಿನ ಸಲ ರೀಜನ್ನೇ.

ಪ್ರಶ್ನೆ: ಎರಡು ಅಕೌಂಟುಗಳನ್ನು ಪಕ್ಕಪಕ್ಕ ತೆರೆದಿಟ್ಟು ಕೆಲಸ ಮಾಡಬೇಕು. ಒಂದಕ್ಕೆ ಹೋದರೆ ಇನ್ನೊಂದು ಲಾಗ್ಔಟ್ ಆಗುತ್ತದೆ. ಎರಡು ಬ್ರೌಸರ್ ಇಟ್ಟುಕೊಳ್ಳಲೇಬೇಕಾ?

ಉತ್ತರ: ಮೊದಲು ಬೇಕಿತ್ತು. 2025ರ ಜನವರಿಯಿಂದ ಒಂದೇ ಬ್ರೌಸರಿನಲ್ಲಿ 5 ಸೆಷನ್ ತನಕ ತೆರೆದಿಡಬಹುದು. ಮೇಲೆ ಬಲಗಡೆ ಹೆಸರಿನ ಮೆನುವಿನಲ್ಲಿ ಬಹು ಸೆಷನ್ ಆಯ್ಕೆ ಆನ್ ಮಾಡಿ, ಅಲ್ಲಿಂದಲೇ ಇನ್ನೊಂದು ಸೆಷನ್ ಸೇರಿಸಿ. ರೂಟ್, ಐಎಎಂ, ಪೋರ್ಟಲ್‌ನಿಂದ ಬಂದ ಪಾತ್ರ, ಯಾವುದನ್ನಾದರೂ ಸೇರಿಸಬಹುದು. ಅಪಾಯ ಒಂದೇ: ಎರಡು ಟ್ಯಾಬ್ ನೋಡಲು ಒಂದೇ ತರಹ ಇರುತ್ತವೆ. ಏನಾದರೂ ಅಳಿಸುವ ಕೆಲಸ ಇದ್ದ ದಿನ ಮಾತ್ರ ಬೇರೆ ಸೆಷನ್‌ಗಳನ್ನೆಲ್ಲ ಮುಚ್ಚಿ, ಒಂದನ್ನೇ ಇಟ್ಟುಕೊಳ್ಳಿ.